ಸ್ಕಿಮ್ಮರ್ ಪಂಪ್ ಕೊಳ್ಳುವಾಗ ನೀರಿನ ಲೆಕ್ಕ ಬಿಡಿ, ಗಾಳಿಯ ಲೆಕ್ಕ ನೋಡಿ

ಉಪ್ಪುನೀರಿನ ಅಕ್ವೇರಿಯಂಗೆ ಪ್ರೋಟೀನ್ ಸ್ಕಿಮ್ಮರ್ (ನೀರಿನ ಕೊಳೆಯನ್ನು ನೊರೆಯಾಗಿ ಹೊರತೆಗೆಯುವ ಸಾಧನ) ಹುಡುಕುವವರು ಯಾವ ಬ್ರ್ಯಾಂಡ್, ಎಷ್ಟು ಎತ್ತರ, ಕೊಳೆ ಸೇರುವ ಕಪ್ ಎಷ್ಟು ದೊಡ್ಡದು ಅಂತೆಲ್ಲ ಕೇಳುತ್ತಾರೆ. ಒಳಗಿರುವ ಪಂಪ್ ಯಾವುದು ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು. ಬಾಡಿ ಚೆನ್ನಾಗಿದ್ದು ಪಂಪ್ ಕಳಪೆಯಾಗಿದ್ದರೆ ಕಪ್‌ನಲ್ಲಿ ಏನೂ ಬರುವುದಿಲ್ಲ. ಸಾಧಾರಣ ಬಾಡಿಯೊಳಗೆ ಒಳ್ಳೆ ಪಂಪ್ ಹಾಕಿ ನೋಡಿ, ಕಪ್ಪಗಿನ ಗಟ್ಟಿ ಕೊಳೆ ಕಪ್ ತುಂಬ ಬರುತ್ತದೆ. ಬೇರೆ ಬೇರೆ ಬಗೆಯ ಪಂಪ್‌ಗಳನ್ನು ಓಡಿಸಿ, ಬಿಚ್ಚಿ ತೊಳೆದು ನೋಡಿದ ಮೇಲೆ ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸ್ಕಿಮ್ಮರ್ ಕೆಲಸ ಮಾಡುವುದು ಗುಳ್ಳೆಗಳಿಂದ. ಮೀನಿನ ಹೊಲಸು, ಉಳಿದ ಆಹಾರ ಕರಗಿ ಬರುವ ಪ್ರೋಟೀನ್, ಕೊಬ್ಬು, ಇವೆಲ್ಲ ಗುಳ್ಳೆಯ ಮೈಗೆ ಅಂಟಿಕೊಂಡು ಮೇಲೇರಿ ನೊರೆಯಾಗಿ ಕಪ್‌ಗೆ ಬೀಳುತ್ತವೆ. ಉಪ್ಪುನೀರಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗುವುದು ಕಡಿಮೆ, ಅದಕ್ಕೇ ಹಾಲಿನಂತೆ ಬಿಳಿಯಾಗಿ ಕಾಣುವಷ್ಟು ಸಣ್ಣ ಗುಳ್ಳೆಗಳು ಉಳಿಯುತ್ತವೆ. ಸಿಹಿನೀರಿನ ಟ್ಯಾಂಕ್‌ನಲ್ಲಿ ಇದೇ ಸ್ಕಿಮ್ಮರ್ ಇಟ್ಟರೆ ಹೆಚ್ಚೇನೂ ಆಗುವುದಿಲ್ಲ. ಅಂದರೆ ಪಂಪ್ ಮಾಡಬೇಕಾದ ಕೆಲಸ ಎರಡೇ: ಜಾಸ್ತಿ ಗಾಳಿ ಎಳೆಯಬೇಕು, ಎಳೆದ ಗಾಳಿಯನ್ನು ಆದಷ್ಟು ಸಣ್ಣಗೆ ಕತ್ತರಿಸಬೇಕು.

ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಗಂಟೆಗೆ 2000 ಲೀಟರ್, 3000 ಲೀಟರ್ ಅಂತ ಇರುತ್ತಲ್ಲ, ಅದು ಸಾಮಾನ್ಯವಾಗಿ ಬರೀ ನೀರು ತಳ್ಳುವಾಗಿನ ಲೆಕ್ಕ. ಗಾಳಿ ಸೇರಿದ ಕೂಡಲೇ ಆ ಸಂಖ್ಯೆ ಇಳಿದುಹೋಗುತ್ತದೆ. ನೀವು ಹುಡುಕಬೇಕಾದ್ದು ಗಾಳಿಯ ಅಂಕಿ. ಅದು ಗಂಟೆಗೆ ಇಷ್ಟು ಲೀಟರ್ ಅಂತ ಇರುತ್ತದೆ, ಇಲ್ಲ ಎಸ್‌ಸಿಎಫ್‌ಎಚ್‌ನಲ್ಲಿ (ಗಂಟೆಗೆ ಇಷ್ಟು ಘನ ಅಡಿ ಗಾಳಿ ಅನ್ನುವ ಅಳತೆ) ಇರುತ್ತದೆ. 1 ಎಸ್‌ಸಿಎಫ್‌ಎಚ್ ಅಂದರೆ ಗಂಟೆಗೆ ಸುಮಾರು 28 ಲೀಟರ್. ಗಾಳಿಯ ಅಂಕಿಯನ್ನೇ ಕೊಡದ ಪಂಪ್ ಆದರೆ ನಾನು ಅನುಮಾನದಿಂದಲೇ ನೋಡುತ್ತೇನೆ. ಕೊಟ್ಟಿದ್ದರೂ ಅದು ಎಷ್ಟು ಆಳದಲ್ಲಿ ಅಳೆದದ್ದು ಅಂತ ಕೇಳಿ. ನೀರು ಏರಿದಷ್ಟೂ ಪಂಪ್ ಎಳೆಯುವ ಗಾಳಿ ಕಡಿಮೆಯಾಗುತ್ತದೆ.

ಒಂದು ಪರೀಕ್ಷೆ ಮಾಡಿ ನೋಡಿ. ಪ್ಲಗ್‌ಗೆ ಹಾಕುವ ವಾಟ್ ಮೀಟರ್ ಇದ್ದರೆ ಪಂಪ್ ಓಡುತ್ತಿರುವಾಗ ಗಾಳಿಯ ಪೈಪ್ ತುದಿಯನ್ನು ಬೆರಳಿಂದ ಒಂದು ಕ್ಷಣ ಮುಚ್ಚಿ. ವಾಟ್ ಏರುತ್ತದೆ, ಸದ್ದು ದಪ್ಪವಾಗುತ್ತದೆ, ಸ್ಕಿಮ್ಮರ್ ಬಾಡಿಯ ಸಿಲಿಂಡರ್‌ನಲ್ಲಿದ್ದ ಗುಳ್ಳೆಗಳ ಬಿಳಿ ಮೋಡ ತೆಳುವಾಗುತ್ತಾ ಬರುತ್ತದೆ. ಬೆರಳು ತೆಗೆಯಿರಿ, ವಾಟ್ ಇಳಿಯುತ್ತದೆ. ಗಾಳಿ ಬೆರೆತ ನೀರು ಹಗುರ, ಅದನ್ನು ತಿರುಗಿಸಲು ಮೋಟಾರಿಗೆ ಕಷ್ಟ ಕಡಿಮೆ, ಅದಕ್ಕೇ ಹೀಗೆ. ಇನ್ನೊಂದು ಉಪಯೋಗವೂ ಇದೆ: ಮುಂದೊಂದು ದಿನ ವಾಟ್ ತಾನಾಗಿ ಏರಿದ್ದರೆ ಗಾಳಿಯ ದಾರಿಯಲ್ಲಿ ಉಪ್ಪು ಕಟ್ಟಿದೆಯಾ ಅಂತ ಮೊದಲು ನೋಡಿ.

ಈಗ ಬಗೆಗಳಿಗೆ ಬರೋಣ. ಇವತ್ತು ಹೆಚ್ಚಿನ ಸ್ಕಿಮ್ಮರ್‌ಗಳಲ್ಲಿ ಇರುವುದು ನೀಡಲ್ ವೀಲ್ ಪಂಪ್. ಪಂಪ್ ಒಳಗೆ ತಿರುಗುವ ಚಕ್ರದಲ್ಲಿ, ಅಂದರೆ ಇಂಪೆಲ್ಲರ್‌ನಲ್ಲಿ, ಮಾಮೂಲಿ ರೆಕ್ಕೆಗಳ ಬದಲು ಕೂದಲು ಬಾಚುವ ಬ್ರಷ್‌ನ ಹಾಗೆ ಕಡ್ಡಿಗಳು ನಿಂತಿರುತ್ತವೆ, ಅವೇ ಗಾಳಿಯನ್ನು ಚೂರು ಮಾಡುತ್ತವೆ. ನನ್ನ ಮೆಚ್ಚುಗೆ ಇದಕ್ಕೇ. ಕರೆಂಟ್ ಕಡಿಮೆ, ತೊಳೆಯುವುದು ಸುಲಭ. ಕಡ್ಡಿಗಳ ಜಾಗದಲ್ಲಿ ಬಲೆ ಸುತ್ತಿದ ಮೆಶ್ ವೀಲ್ ಇನ್ನೂ ಸಣ್ಣ ಗುಳ್ಳೆ ಕೊಡುತ್ತದೆ, ಆದರೆ ಬಲೆಯಲ್ಲಿ ಸುಣ್ಣ, ಕಸ ಬೇಗ ಸಿಕ್ಕಿಕೊಳ್ಳುತ್ತದೆ, ತೊಳೆಯುವ ತಾಳ್ಮೆ ಬೇಕು. ನೀರನ್ನು ಸಣ್ಣ ಬಾಯಿಯಿಂದ ರಭಸವಾಗಿ ಚಿಮ್ಮಿಸಿ ಗಾಳಿ ಎಳೆಯುವ ಬೆಕೆಟ್ ಇಂಜೆಕ್ಟರ್ ಸ್ಕಿಮ್ಮರ್‌ಗೆ ಒತ್ತಡ ಜಾಸ್ತಿ ಇರುವ ದೊಡ್ಡ ಪಂಪೇ ಬೇಕು. ಸದ್ದೂ ಜಾಸ್ತಿ, ಕರೆಂಟೂ ಜಾಸ್ತಿ, ಮನೆಯ ಟ್ಯಾಂಕ್‌ಗೆ ನಾನು ಹೇಳಲ್ಲ. ಮರದ ಏರ್‌ಸ್ಟೋನ್ (ಗಾಳಿಯನ್ನು ಗುಳ್ಳೆಯಾಗಿ ಬಿಡುವ ತುಂಡು) ಹಾಕುವ ಹಳೇ ಪದ್ಧತಿ ಸಣ್ಣ ಟ್ಯಾಂಕ್‌ಗೆ ಈಗಲೂ ನಡೆಯುತ್ತದೆ, ಸ್ಟೋನ್ ಬದಲಿಸುತ್ತಾ ಇರಬೇಕು ಅಷ್ಟೇ.

ಬ್ರ್ಯಾಂಡ್‌ಗಳಲ್ಲಿ ಇಟಲಿಯ ಸಿಚೆ ಕಂಪನಿಯ ಪಿಎಸ್‌ಕೆ ಸರಣಿ ನನಗೆ ತುಂಬಾ ಇಷ್ಟ. ಸ್ಕಿಮ್ಮರ್‌ಗೆಂದೇ ಮಾಡಿದ್ದು, ಬೇರೆ ಬೇರೆ ಕಂಪನಿಗಳ ಸ್ಕಿಮ್ಮರ್ ಒಳಗೂ ಇದೇ ಕೂತಿರುತ್ತದೆ. ಹಾಗಾಗಿ ಇಂಪೆಲ್ಲರ್ ಹೋದರೆ ಬದಲಿ ಹುಡುಕುವುದು ಅಷ್ಟು ಕಷ್ಟವಲ್ಲ. ರೀಫ್ ಆಕ್ಟೋಪಸ್‌ನ ಬಬಲ್ ಬ್ಲಾಸ್ಟರ್ ಗಟ್ಟಿಮುಟ್ಟಾದ ಪಂಪ್. ಜರ್ಮನಿಯ ರಾಯಲ್ ಎಕ್ಸ್‌ಕ್ಲೂಸಿವ್‌ನ ರೆಡ್ ಡ್ರ್ಯಾಗನ್ ಬಿಚ್ಚಿ ನೋಡಿದರೇ ಕೆಲಸದ ಅಚ್ಚುಕಟ್ಟುತನ ಗೊತ್ತಾಗುತ್ತದೆ, ಬೆಲೆಯೂ ಅದಕ್ಕೆ ತಕ್ಕ ಹಾಗೇ. ದೊಡ್ಡ ಟ್ಯಾಂಕ್ ವರ್ಷಗಟ್ಟಲೆ ನಡೆಸುವ ಯೋಚನೆ ಇದ್ದರೆ ಅದು ಸರಿ, ಸಣ್ಣ ಟ್ಯಾಂಕ್‌ಗೆ ಬೇಕಾಗಿಲ್ಲ.

ಡಿಸಿಯೋ ಎಸಿಯೋ ಅನ್ನುವ ಪ್ರಶ್ನೆ ಇದ್ದೇ ಇದೆ. ಡಿಸಿ ಪಂಪ್ ಮೆತ್ತಗೆ ಓಡುತ್ತದೆ, ವೇಗ ಬದಲಿಸಬಹುದು, ಮೀನಿಗೆ ಊಟ ಹಾಕುವಾಗ ಒಂದು ಗುಂಡಿ ಒತ್ತಿ ಸ್ವಲ್ಪ ಹೊತ್ತು ನಿಲ್ಲಿಸಬಹುದು. ಕಪ್ ಉಕ್ಕುತ್ತಿದ್ದರೆ ವಾಲ್ವ್ ಮುಟ್ಟದೆ ಸುಮ್ನೆ ವೇಗ ಒಂದು ಹೆಜ್ಜೆ ಇಳಿಸಿದರೂ ಸಾಕಾಗುತ್ತದೆ. ಇದೆಲ್ಲ ನಿಜವಾಗಿಯೂ ಅನುಕೂಲ. ಆದರೆ ಅದರಲ್ಲಿ ಪಂಪ್ ಜೊತೆಗೆ ಅಡಾಪ್ಟರ್, ಕಂಟ್ರೋಲರ್ ಇರುತ್ತವೆ, ಮೂರರಲ್ಲಿ ಯಾವುದು ಹೋದರೂ ಸ್ಕಿಮ್ಮರ್ ನಿಂತಂತೆಯೇ. ನಾನು ಕೊಂಡ ಒಂದು ಡಿಸಿ ಪಂಪ್‌ನಲ್ಲಿ ಮೋಟಾರ್ ಹೊಸದರಂತೆ ಇತ್ತು, ಕಂಟ್ರೋಲರ್ ಸತ್ತುಹೋಯಿತು. ಅದೊಂದನ್ನೇ ಮಾರಲ್ಲ, ಇಡೀ ಸೆಟ್ ತಗೊಳ್ಳಿ ಅಂದರು. ಒಂದು ಸಣ್ಣ ಪೆಟ್ಟಿಗೆಗೋಸ್ಕರ ಒಳ್ಳೆ ಮೋಟಾರ್ ಮೂಲೆಗೆ ಬಿತ್ತು, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆಮೇಲಿಂದ ಬಿಡಿಭಾಗ ಒಂದೊಂದಾಗಿ ಸಿಗುತ್ತಾ ಅಂತ ಖಾತ್ರಿ ಮಾಡಿಕೊಂಡೇ ಡಿಸಿ ಕೊಳ್ಳುತ್ತೇನೆ. ಸಂಪ್‌ನ (ಸ್ಕಿಮ್ಮರ್ ಇಡುವ, ಟ್ಯಾಂಕ್‌ಗೆ ಜೋಡಿಸಿದ ಇನ್ನೊಂದು ತೊಟ್ಟಿ) ನೀರಿನ ಮಟ್ಟ ಏರುಪೇರಾಗದೆ ಇದ್ದರೆ, ಸದ್ದು ಕೋಣೆಯಲ್ಲಿ ತೊಂದರೆ ಮಾಡದಿದ್ದರೆ, ಒಳ್ಳೆಯ ಎಸಿ ಪಂಪೇ ಸಾಕು.

ಎಸಿ ಪಂಪ್ ಕೊಳ್ಳುವವರು ಹರ್ಟ್ಸ್ ನೋಡಲೇಬೇಕು, ಇದನ್ನು ಎಷ್ಟೋ ಜನ ಮರೆಯುತ್ತಾರೆ. ಈ ಮೋಟಾರ್‌ಗಳ ವೇಗ ಕರೆಂಟಿನ ಫ್ರೀಕ್ವೆನ್ಸಿಗೆ ಕಟ್ಟಿಹಾಕಿದ್ದು. ಎರಡು ಪೋಲ್‌ನ ಮೋಟಾರ್ 60 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 3600 ಸುತ್ತು ತಿರುಗಿದರೆ 50 ಹರ್ಟ್ಸ್‌ನಲ್ಲಿ 3000 ಮಾತ್ರ. ನಮ್ಮದು 50 ಹರ್ಟ್ಸ್ ಕರೆಂಟ್, 60 ಹರ್ಟ್ಸ್ ಇರುವ ದೇಶದಿಂದ ತರಿಸಿದ ಪಂಪ್‌ಗೆ ವೋಲ್ಟೇಜ್ ಹೊಂದಿಸಿದರೂ ಈ ವೇಗ ಹೊಂದುವುದಿಲ್ಲ, ಗಾಳಿ ಕಡಿಮೆಯಾಗಿಬಿಡುತ್ತದೆ. ಸ್ಕಿಮ್ಮರ್ ಸರಿಯಿಲ್ಲ ಅಂತ ಬೈಯುವ ಮುಂಚೆ ಲೇಬಲ್ ಓದಿ.

ದೊಡ್ಡ ಪಂಪ್ ಹಾಕಿದರೆ ಜಾಸ್ತಿ ಕೊಳೆ ಬರುತ್ತೆ ಅನ್ನುವುದೂ ತಪ್ಪು. ಸಣ್ಣ ಸಿಲಿಂಡರ್‌ಗೆ ಅತಿ ದೊಡ್ಡ ಪಂಪ್ ಹಾಕಿದರೆ ಒಳಗೆಲ್ಲ ಕುದಿದಂತಾಗಿ ನೊರೆ ನಿಲ್ಲುವುದಿಲ್ಲ. ಗುಳ್ಳೆಗೆ ಕೊಳೆ ಅಂಟುವಷ್ಟು ಸಮಯವೇ ಸಿಗಲ್ಲ, ಸಣ್ಣ ಗುಳ್ಳೆಗಳು ನೀರಿನ ಜೊತೆ ಟ್ಯಾಂಕ್‌ಗೇ ಹೋಗುತ್ತವೆ. ಕರೆಂಟಿನ ಲೆಕ್ಕವೂ ಇದೆ ಅಲ್ವಾ, ಸ್ಕಿಮ್ಮರ್ ಹಗಲೂ ರಾತ್ರಿ ಓಡುವುದು. 25 ವಾಟ್‌ನ ಪಂಪ್ 30 ದಿನಕ್ಕೆ 18 ಯೂನಿಟ್ ತಿನ್ನುತ್ತದೆ, 45 ವಾಟ್‌ನದು 32 ಯೂನಿಟ್ ದಾಟುತ್ತದೆ. ಮುಳುಗಿಸಿಟ್ಟ ಪಂಪ್‌ನ ಶಾಖವೂ ನೀರಿಗೇ ಸೇರುತ್ತದೆ. ಹವಳ ಸಾಕುವವರಿಗೆ ಬೇಸಿಗೆಯಲ್ಲಿ ಇದು ಸಣ್ಣ ವಿಷಯವಲ್ಲ.

ಹೊಸ ಪಂಪ್ ಹಾಕಿದ ಕೂಡಲೇ ತೀರ್ಪು ಕೊಡಬೇಡಿ. ಮೊದಲ ಕೆಲವು ದಿನ ನೊರೆ ಹುಚ್ಚಾಪಟ್ಟೆ ಏರಿಳಿಯುತ್ತದೆ, ಎರಡು ವಾರ ಹಿಡಿದರೂ ಆಶ್ಚರ್ಯವಿಲ್ಲ. ಆಮೇಲೆ ಕೆಲವು ತಿಂಗಳಿಗೊಮ್ಮೆ ಬಿಚ್ಚಿ, ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಬೆರೆಸಿದ ನೀರಲ್ಲಿ ನೆನೆಹಾಕಿ, ಸುಣ್ಣ ಕರಗಿದ ಮೇಲೆ ಚೆನ್ನಾಗಿ ತೊಳೆಯಿರಿ. ಗಾಳಿಯ ಪೈಪ್‌ಗೆ ಆಗಾಗ ಬೆಚ್ಚಗಿನ ನೀರು ಬಿಟ್ಟರೆ ಉಪ್ಪು ಕರಗುತ್ತದೆ. ಸೆರಾಮಿಕ್ ಶಾಫ್ಟ್ ಕೈಜಾರಿ ಬಿದ್ದರೆ ಮುರಿಯುತ್ತದೆ, ಹುಷಾರು.

ಬಳಸಿದ ಪಂಪ್ ಕೊಳ್ಳುವುದಾದರೆ ಮುಚ್ಚಳ ಬಿಚ್ಚಿಸಿ ರೋಟಾರ್ (ಇಂಪೆಲ್ಲರ್ ಜೊತೆ ತಿರುಗುವ ಅಯಸ್ಕಾಂತದ ಭಾಗ) ಹೊರಗೆ ತೆಗೆಸಿ ನೋಡಿ. ಅಯಸ್ಕಾಂತದ ಮೇಲಿನ ಹೊದಿಕೆ ಎಲ್ಲೂ ಊದಿರಬಾರದು, ಬಿರುಕಿರಬಾರದು. ಒಳಗೆ ಉಪ್ಪುನೀರು ಇಳಿದಿದ್ದರೆ ತುಕ್ಕು ಹಿಡಿದು ಇನ್ನೂ ಊದುತ್ತದೆ, ಒಂದು ದಿನ ಅಲ್ಲೇ ಸಿಕ್ಕಿಕೊಂಡು ನಿಲ್ಲುತ್ತದೆ. ಆಮೇಲೆ ನೀರಲ್ಲಿಟ್ಟು ಪ್ಲಗ್ ಹಾಕಿ ತೆಗೆದು ಹಲವು ಸಲ ಶುರು ಮಾಡಿಸಿ. ಪ್ರತಿ ಸಲವೂ ತಡವರಿಸದೆ ತಿರುಗಿದರೆ ಮಾತ್ರ ದುಡ್ಡು ಕೊಡಿ.