ಹಿತ್ತಾಳೆಯ ಪುಟಾಣಿ ಉಗಿ ಎಂಜಿನ್: ಸದ್ದು ಬೇರೆ, ಉಗಿ ಅದೇ

ಮೀಟರ್‌ಗೇಜ್ ಕಾಲದಲ್ಲಿ ದಾವಣಗೆರೆಯ ಅಶೋಕ ರಸ್ತೆ ಗೇಟಿನಲ್ಲಿ ನಿಂತು ವೈಪಿ (ಪ್ಯಾಸೆಂಜರ್ ರೈಲಿನದು), ವೈಜಿ (ಗೂಡ್ಸ್ ರೈಲಿನದು) ಎಂಬ ಕರಿ ಉಗಿ ಎಂಜಿನ್ ನೋಡಿದವರು ಮೊಮ್ಮಕ್ಕಳಿಗೆ ಕೊಡಿಸಬಹುದಾದ ಆಟಿಕೆ ಇದು. ಬ್ಯಾಟರಿ ಇಲ್ಲ, ಸ್ಪಿರಿಟ್ ದೀಪ ಹಚ್ಚಿದರೆ ನಿಜವಾದ ಉಗಿಯಲ್ಲೇ ಓಡುತ್ತದೆ.

ಬಾಯ್ಲರ್ 60 ಮಿಲಿ. ನೀರು 45 ಮಿಲಿ ದಾಟಬಾರದು, ದಾಟಿದರೆ ಕುದಿನೀರೇ ಸಿಲಿಂಡರಿಗೆ (ಉಗಿ ಪಿಸ್ಟನ್ನನ್ನು ತಳ್ಳುವ ಕೊಳವೆಗೆ) ನುಗ್ಗುತ್ತದೆ. ಬೋರ್‌ವೆಲ್ ನೀರು ಖಂಡಿತ ಬೇಡ. ಒಳಗೆ ಸುಣ್ಣ ಕಟ್ಟಿ, ಅದರ ಚಕ್ಕೆ ಎದ್ದು ಉಗಿ ಕೊಳವೆಗೆ ಅಡ್ಡ ಬೀಳುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಳ್ಳೆಯದು. ದೀಪಕ್ಕೆ 10 ಮಿಲಿ ಸ್ಪಿರಿಟ್ ಸಾಕು. ನೀರು ಬತ್ತುವ ಮೊದಲೇ ದೀಪ ಆರಬೇಕು. ಖಾಲಿ ಬಾಯ್ಲರ್ ಕಾದರೆ ಬೆಸುಗೆ ಬಿಟ್ಟುಕೊಳ್ಳುತ್ತದೆ, ಆಮೇಲೆ ರಿಪೇರಿ ಕಷ್ಟ.

ಉಗಿ ಬಂದರೂ ಮೊದಲಿಗೆ ಚಕ್ರ ಮಿಸುಕುವುದಿಲ್ಲ. ಕೆಟ್ಟಿದೆ ಅಂದುಕೊಳ್ಳಬೇಡಿ. ತಣ್ಣನೆಯ ಸಿಲಿಂಡರಿಗೆ ತಾಗಿದ ಉಗಿ ನೀರಾಗಿ ನಿಂತಿರುತ್ತದೆ, ನೀರನ್ನು ಅದುಮಲು ಪಿಸ್ಟನ್ನಿಗೆ ಆಗದು. ಚಕ್ರವನ್ನು ಕೈಯಲ್ಲಿ ಐದಾರು ಸುತ್ತು ತಿರುಗಿಸಿ. ಪಿಚಕ್ ಪಿಚಕ್ ಎಂದು ಬಿಸಿನೀರು ಉಗುಳಿ, ಸಿಲಿಂಡರ್ ಬಿಸಿಯಾದ ಮೇಲೆ ತಾನೇ ಹೊರಡುತ್ತದೆ. ಸ್ಟೇಷನ್ ಬಿಡುವಾಗ ದೊಡ್ಡ ಎಂಜಿನ್ ಎರಡೂ ಪಕ್ಕಕ್ಕೆ ಬುಸ್ಸೆಂದು ಬಿಳಿ ಉಗಿ ಚಿಮ್ಮಿಸುತ್ತಿದ್ದದ್ದು ಇದಕ್ಕೇ. ಡ್ರೈವರ್ ಸಿಲಿಂಡರಿನ ಡ್ರೈನ್ ಕಾಕ್ ತೆರೆದು ಆ ನೀರನ್ನೇ ಹೊರಹಾಕುತ್ತಿದ್ದರು. ಇಲ್ಲದಿದ್ದರೆ ಸಿಲಿಂಡರಿನ ಮುಚ್ಚಳವೇ ಒಡೆಯುವ ಅಪಾಯ. ಪ್ಲಾಟ್‌ಫಾರಂನಲ್ಲಿ ಹೆದರಿ ಹಿಂದೆ ಸರಿದ ಮಕ್ಕಳಿಗೆ ಯಾರೂ ಹೇಳಿರದ ಈ ಕಾರಣವನ್ನು ಆಟಿಕೆ ಕಣ್ಣೆದುರೇ ತೋರಿಸುತ್ತದೆ. ನನ್ನ ಮಟ್ಟಿಗೆ ಕೊಟ್ಟ ದುಡ್ಡು ಅಲ್ಲಿಗೇ ಸಂದಿತು.

ಸದ್ದಿನಲ್ಲಿ ಮಾತ್ರ ನಿರಾಸೆ. ವೈಪಿಗೆ ಎರಡು ಸಿಲಿಂಡರ್. ಪಿಸ್ಟನ್ನಿನ ಎರಡೂ ಬದಿಗೆ ಉಗಿ ಹೋಗುತ್ತಿದ್ದರಿಂದ 1372 ಮಿ.ಮೀ. ಚಕ್ರದ ಪ್ರತಿ ಸುತ್ತಿಗೆ ನಾಲ್ಕು 'ಛಕ್'. ಇದರದ್ದು ತೂಗಾಡುವ ಒಂದೇ ಸಿಲಿಂಡರ್, ಪ್ರತಿ ಸುತ್ತಿಗೂ ಒಂದೇ ಉಸಿರು. ವೇಗ ಹಿಡಿದರೆ ದುಂಬಿಯ ಹಾಗೆ ಗುಂಯ್‌ಗುಡುತ್ತದೆ. ಬಿಸಿ ಎಣ್ಣೆಯ ವಾಸನೆ ಹತ್ತಿರ ಬರುತ್ತದೆ, ಕಲ್ಲಿದ್ದಲಿನ ಘಾಟು ಎಲ್ಲಿಂದ ಬರಬೇಕು!

ಪೆಟ್ಟಿಗೆಯಲ್ಲಿ ಕೊಟ್ಟ ದಪ್ಪ ಸ್ಟೀಮ್ ಆಯಿಲ್ ಅನ್ನೇ ಬಳಸಿ. ಹೊಲಿಗೆ ಮೆಷಿನ್ ಎಣ್ಣೆಯನ್ನು ಉಗಿ ತೊಳೆದುಬಿಡುತ್ತದೆ. ಸಿಲಿಂಡರಿನ ಸ್ಪ್ರಿಂಗ್ ಸಡಿಲವಾದರೆ ಉಗಿ ಸೋರುತ್ತದೆ, ಬಿಗಿಯಾದರೆ ಚಕ್ರ ಹಿಡಿದುಕೊಳ್ಳುತ್ತದೆ. ಕಾಲು ಸುತ್ತು ತಿರುಗಿಸುತ್ತ ಹದ ಹುಡುಕಬೇಕು. ಸೇಫ್ಟಿ ವಾಲ್ವ್‌ಗೆ ಹೆಚ್ಚುವರಿ ವಾಷರ್ ಕೊಡದಿರುವುದು ದೊಡ್ಡ ಕೊರತೆ.

ಬಿಸಿಲಿನಲ್ಲಿ ಓಡಿಸಬೇಡಿ. ಸ್ಪಿರಿಟ್ ಜ್ವಾಲೆ ಹಗಲಲ್ಲಿ ಕಾಣುವುದೇ ಇಲ್ಲ, ಆರಿದೆಯೆಂದು ಮಕ್ಕಳು ಕೈ ಹಾಕುತ್ತಾರೆ.