ಮ್ಯಾನಿಂಗ್‌ಟ್ರೀಯಿಂದ ಡೆಡಮ್‌ಗೆ: ಸ್ಟೌರ್ ನದಿಯ ಏರಿ ಮೇಲಿನ ನಡಿಗೆ

ಇಂಗ್ಲೆಂಡಿನ ಸ್ಟೌರ್ ನದಿ ದಡದ ಫ್ಲಾಟ್‌ಫರ್ಡ್ ಎಂಬ ಪುಟ್ಟ ಊರಿಗೆ ಕಾರಿನಲ್ಲಿ ಹೋದವರು ಅರ್ಧ ಗಂಟೆಯಲ್ಲಿ ‘ಇಷ್ಟೇನಾ?’ ಅಂದುಕೊಂಡು ವಾಪಸ್ಸಾಗುತ್ತಾರೆ. ಒಂದು ನೀರಿನ ಗಿರಣಿ, ಒಂದು ಬಿಳಿ ಮನೆ, ಮರದ ಸೇತುವೆ, ಟೀ ಅಂಗಡಿ. ಅವರ ದೂರು ಸುಳ್ಳಲ್ಲ, ಹೋದ ದಾರಿ ತಪ್ಪು. ಈ ಊರಿಗೆ ಜವುಗಿನ ಕಡೆಯಿಂದ ನಡೆದೇ ಬರಬೇಕು.

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಗೆ ಮ್ಯಾನಿಂಗ್‌ಟ್ರೀ ಬರುತ್ತದೆ. ಸ್ಟೇಷನ್ನಿನ ಕಾರ್ ಪಾರ್ಕಿಂಗ್ ದಾಟಿದರೆ ಫ್ಲಾಟ್‌ಫರ್ಡ್ ಕಾಲುದಾರಿಯ ಫಲಕ ಸಿಗುತ್ತದೆ. ದಾರಿ ರೈಲು ಹಳಿಯ ಕೆಳಗೆ ನುಸುಳಿ ನದಿಯ ಏರಿ ಹತ್ತುತ್ತದೆ. ಅಲ್ಲಿಂದ ಫ್ಲಾಟ್‌ಫರ್ಡ್‌ವರೆಗೆ ನದಿ ಬಲಗಡೆಗೇ ಇರಬೇಕು. ನೀವು ನಡೆಯುವ ದಕ್ಷಿಣ ದಡ ಎಸೆಕ್ಸ್ ಕೌಂಟಿ, ಆಚೆ ದಡ ಸಫೋಕ್ ಕೌಂಟಿ. ದೂರ ಹೆಚ್ಚುಕಮ್ಮಿ 3 ಕಿ.ಮೀ., ನಿಧಾನವಾಗಿ ನಡೆದರೆ ಮುಕ್ಕಾಲು ಗಂಟೆ. ಚಡಾವು ಎಂಬುದಿಲ್ಲ.

ಮೊದಲ ಅರ್ಧವೇ ಈ ನಡಿಗೆಯ ಜೀವಾಳ. ಸಮುದ್ರದ ಉಬ್ಬರವನ್ನು ಕ್ಯಾಟವೇಡ್‌ನ ತೂಬಿನ ಕಟ್ಟೆ ತಡೆಯುತ್ತದೆ. ಅದರ ಕೆಳಗೆ ಉಪ್ಪುನೀರಿನ ಕೆಸರುಬಯಲು, ಮೇಲೆ ಸಿಹಿನೀರು, ಜೊಂಡು, ದನ ಮೇಯುವ ಒದ್ದೆ ಹುಲ್ಲುಗಾವಲು. ನದಿಯ ಎರಡು ಕವಲುಗಳ ನಡುವಿನ ಜವುಗು ಪಕ್ಷಿಗಳಿಗೆ ಮೀಸಲು, ಒಳಗೆ ಪ್ರವೇಶವಿಲ್ಲ. ಏರಿಯ ಮೇಲಿಂದಲೇ ನೋಡಬೇಕಾದ್ದರಿಂದ ದುರ್ಬೀನು ಇರಲಿ. ನಮ್ಮ ಟಿಟ್ಟಿಭದ ದಾಯಾದಿ ಲ್ಯಾಪ್‌ವಿಂಗ್, ಕೆಂಪು ಕಾಲಿನ ರೆಡ್‌ಶ್ಯಾಂಕ್ ಎರಡನ್ನೂ ಇಲ್ಲಿ ಹುಡುಕಬಹುದು.

ಕೆಸರಿನ ಲೆಕ್ಕ ಮೊದಲೇ ಹಾಕಿಕೊಳ್ಳಿ. ಏರಿಯ ಮೇಲೆ ನೀರು ನಿಲ್ಲುವುದಿಲ್ಲ. ತೊಂದರೆ ಇರುವುದು ಗೇಟುಗಳ ಹತ್ತಿರ. ದನಗಳು ಅಲ್ಲೇ ಗುಂಪುಗೂಡಿ ತುಳಿಯುವುದರಿಂದ ಸುತ್ತಲಿನ ನೆಲವೆಲ್ಲ ಮೊಳಕಾಲಿನ ಕೆಳಗಿನವರೆಗೆ ಹೂಳುವ ರಾಡಿ. ನವೆಂಬರಿನಿಂದ ಮಾರ್ಚ್‌ವರೆಗೆ ಗಂಬೂಟೇ ಗತಿ, ಓಟದ ಶೂ ತಂದವರು ಒಂದೊಂದು ಗೇಟಿಗೂ ಪಶ್ಚಾತ್ತಾಪ ಪಡುತ್ತಾರೆ. ಜೋರು ಮಳೆಯಾದರೆ ಹುಲ್ಲುಗಾವಲೇ ಮುಳುಗುತ್ತದೆ, ಆಗ ದಾರಿಯೇ ಇಲ್ಲ. ಹೊರಡುವ ಹಿಂದಿನ ದಿನ ಪ್ರವಾಹದ ಸೂಚನೆ ನೋಡುವುದು ಕ್ಷೇಮ. ಜೂನ್, ಜುಲೈನಲ್ಲಿ ನೆಟಲ್ ಎಂಬ ತುರಿಚೆ ಗಿಡ ಸೊಂಟದೆತ್ತರಕ್ಕೆ ಬಂದಿರುತ್ತದೆ, ಹಾಗಾಗಿ ಚಡ್ಡಿ ಬೇಡ. ಹುಲ್ಲಿನಲ್ಲಿ ಕೂತು ಎದ್ದರೆ ಉಣ್ಣೆ ಹುಳು ಹತ್ತಿದೆಯೇ ಎಂದು ಕಾಲು ನೋಡಿಕೊಳ್ಳಿ. ಹಸು ಕರುಗಳ ನಡುವೆ ಹಾಯಬೇಡಿ, ನಾಯಿ ಜತೆಗಿದ್ದರಂತೂ ಸುತ್ತಿಬಳಸಿಯೇ ಹೋಗಿ.

ಮರದ ಸೇತುವೆ ದಾಟಿ ಫ್ಲಾಟ್‌ಫರ್ಡ್ ಸೇರಿದ ಮೇಲೆ ಎಲ್ಲರೂ ಹುಡುಕುವುದು ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1821ರಲ್ಲಿ ಬರೆದ ‘ದಿ ಹೇ ವೇನ್’ (ಹುಲ್ಲಿನ ಬಂಡಿ) ಚಿತ್ರದ ಜಾಗವನ್ನು. ಗಿರಣಿ ಅವನ ಅಪ್ಪನದು. ಚಿತ್ರದ ಎಡಕ್ಕಿರುವ ರೈತ ವಿಲ್ಲಿ ಲಾಟ್‌ನ ಮನೆ ಇಂದಿಗೂ ನೀರಂಚಿನಲ್ಲಿದೆ. ಗಿರಣಿಯಲ್ಲಿ ಈಗ ನಿಸರ್ಗ, ಕಲೆಗಳ ಶಿಬಿರ ನಡೆಯುತ್ತದೆ, ಹೊರಗಿನಿಂದ ನೋಡಿದರಾಯಿತು. ಚಿತ್ರದಲ್ಲಿ ಬಂಡಿ ನೀರಿಗಿಳಿದದ್ದೇಕೆ ಎಂಬುದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ ನಮ್ಮ ಎತ್ತಿನಗಾಡಿಯವರಿಗೂ ಗೊತ್ತಿರುವಂಥದ್ದು: ಬೇಸಿಗೆಯಲ್ಲಿ ಗಾಲಿಯ ಮರ ಒಣಗಿ ಕುಗ್ಗಿದರೆ ಕಬ್ಬಿಣದ ಪಟ್ಟಿ ಸಡಿಲವಾಗುತ್ತದೆ, ನೆನೆದರೆ ಮರ ಉಬ್ಬಿ ಬಿಗಿ ಹಿಡಿಯುತ್ತದೆ. ಮೂಲ ಚಿತ್ರ ಇಲ್ಲಿಲ್ಲ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಲ್ಲಿ ಪ್ರವೇಶ ಉಚಿತ. ಮೊದಲು ಅದನ್ನು ನೋಡಿ ಬಂದರೆ ಇಲ್ಲಿನ ಕೊಳ ಎಷ್ಟು ಪುಟ್ಟದು ಅಂತ ಅಚ್ಚರಿಯಾಗುತ್ತದೆ. ಅವನ ಇನ್ನೊಂದು ಚಿತ್ರದಲ್ಲಿ ದೋಣಿ ಕಟ್ಟುತ್ತಿರುವ ಗುಂಡಿ ಸೇತುವೆಯ ಹತ್ತಿರವೇ ಇದೆ. ಜನ ಅದನ್ನು ಗಮನಿಸದೆ ಹೋಗುವುದೇ ಹೆಚ್ಚು.

ಸೇತುವೆ ದಾಟಿ ಮತ್ತೆ ದಕ್ಷಿಣ ದಡಕ್ಕೆ ಬಂದು ಮುಂದಿನ ಊರಾದ ಡೆಡಮ್ ಕಡೆ ತಿರುಗಿ. ನದಿಯಂಚಿನಲ್ಲಿ ತಲೆ ಬೋಳಿಸಿದಂತೆ ಕಾಣುವ ವಿಲ್ಲೋ ಮರಗಳಿವೆ. ದನದ ಬಾಯಿಗೆ ಎಟುಕದ ಎತ್ತರದಲ್ಲಿ ಕಡಿದರೆ ಹೊಸ ಚಿಗುರು ಉಳಿಯುತ್ತದೆಂಬ ಲೆಕ್ಕ. ನೆಟ್ಟಗೆ ಸಾಲಾಗಿ ಬೆಳೆದವು ಕಂಡರೆ ಅವು ಬೇರೆ ತಳಿ: ನಮ್ಮ ಹುಡುಗರು ದುಡ್ಡು ಕೂಡಿಟ್ಟು ಕೊಳ್ಳುವ ‘ಇಂಗ್ಲಿಷ್ ವಿಲ್ಲೋ’ ಬ್ಯಾಟಿನ ಮರ. ಈ ಕಣಿವೆಯಲ್ಲಿ ಅದನ್ನು ಬೆಳೆಯುತ್ತಾರೆ. ಡೆಡಮ್ ಚರ್ಚಿನ ಗೋಪುರ ಬಯಲಿನಾಚೆ ಕಾಣುತ್ತಿರುವ ತನಕ ದಾರಿ ತಪ್ಪಿಲ್ಲ ಎಂದೇ ತಿಳಿಯಿರಿ.

ಸಮಯವಿದ್ದರೆ ನಡುವೆ ಫೆನ್ ಬ್ರಿಜ್ ದಾಟಿ ಈಸ್ಟ್ ಬರ್ಗ್‌ಹೋಲ್ಟ್‌ಗೆ ಹತ್ತಿ. ಇದು ಕಾನ್‌ಸ್ಟೆಬಲ್ 1776ರಲ್ಲಿ ಹುಟ್ಟಿದ ಊರು. ಚರ್ಚಿನ ಗೋಪುರ ಅರ್ಧಕ್ಕೇ ನಿಂತಿದ್ದರಿಂದ ಐದು ಗಂಟೆಗಳನ್ನು ನೆಲದ ಮೇಲಿನ ಮರದ ಪಂಜರದಲ್ಲಿಟ್ಟಿದ್ದಾರೆ, 1531ರಿಂದ. ಹಗ್ಗವೂ ಇಲ್ಲ, ಚಕ್ರವೂ ಇಲ್ಲ. ಬಾಯಿ ಮೇಲಾಗಿ ನಿಂತ ಗಂಟೆಯ ಮರದ ತೊಲೆಯನ್ನೇ ಹಿಡಿದು ಕೈಯಿಂದ ದೂಡುತ್ತಾರೆ. ಡೆಡಮ್‌ಗಿಂತ ನನ್ನ ಓಟು ಇದಕ್ಕೇ.

ಮೇ ಮತ್ತು ಸೆಪ್ಟೆಂಬರಿನ ವಾರದ ದಿನವಾದರೆ ಈ ನಡಿಗೆಗೆ ಐದಕ್ಕೆ ಐದು ಅಂಕ. ಆಗಸ್ಟ್ ಭಾನುವಾರ ಮೂರು, ಸೇತುವೆ ಮೇಲೆ ನಿಲ್ಲಲೂ ಜಾಗವಿರುವುದಿಲ್ಲ. ಸಸ್ಯಾಹಾರಿಗಳಿಗೆ ಟೀ ಅಂಗಡಿಯಲ್ಲಿ ಸ್ಕೋನು, ಚೀಸ್ ಸ್ಯಾಂಡ್‌ವಿಚ್‌ನಂಥವೇ ಗತಿ, ಪುಳಿಯೋಗರೆ ಡಬ್ಬಿ ಹೊತ್ತರೆ ನಷ್ಟವಿಲ್ಲ. ಡೆಡಮ್‌ನಲ್ಲಿ ರೈಲು ಸ್ಟೇಷನ್ ಇಲ್ಲ. ಬಂದ ದಾರಿಯಲ್ಲೇ ಮರಳಲು ಒಂದೂವರೆ ಗಂಟೆ ಬೇಕು. ಡಿಸೆಂಬರಿನಲ್ಲಿ ನಾಲ್ಕು ಗಂಟೆಯೊಳಗೇ ಕತ್ತಲು, ಏರಿಯ ಮೇಲೆ ದೀಪವಿಲ್ಲ. ಎರಡು ಗಂಟೆಗೆಲ್ಲ ವಾಪಸ್ ಹೊರಟಿರಬೇಕು.