ಎಫ್‌ಇಟಿ: ಟೈಮ್‌ಟೇಬಲ್ ಮಾಡಿಕೊಡುತ್ತದೆ, ವರ್ಕ್‌ಲೋಡ್ ಜಗಳ ಬಿಡಿಸುವುದಿಲ್ಲ

ಡಿಗ್ರಿ ಕಾಲೇಜಿನಲ್ಲಿ ಟೈಮ್‌ಟೇಬಲ್ ಕಮಿಟಿಗೆ ನಿಮ್ಮ ಹೆಸರು ಬಂತು ಅಂದರೆ, ಆ ತಿಂಗಳು ಸ್ಟಾಫ್ ರೂಮಿನಲ್ಲಿ ಯಾರೂ ನಿಮ್ಮ ಜೊತೆ ನೆಟ್ಟಗೆ ಮಾತಾಡುವುದಿಲ್ಲ. ನನಗೆ ಕೆಲವು ವರ್ಷಗಳಿಂದ ಅದೇ ಕೆಲಸ. ಮೊದಮೊದಲು ಡ್ರಾಯಿಂಗ್ ಶೀಟು, ಪೆನ್ಸಿಲ್ಲು, ರಬ್ಬರು. ಆಮೇಲೆ ಎಕ್ಸೆಲ್. 2024-25ರಲ್ಲಿ ಎಕ್ಸೆಲ್ ಕೂಡ ಕೈ ಕೊಟ್ಟಿತು. ಆ ವರ್ಷ ಫಸ್ಟ್ ಇಯರ್‌ಗೆ ರಾಜ್ಯ ಶಿಕ್ಷಣ ನೀತಿಯ ಸಿಲಬಸ್ಸು, ಮೇಲಿನ ಎರಡು ವರ್ಷಕ್ಕೆ ಹಳೆಯ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ಸಿಲಬಸ್ಸು. ಗಂಟೆ ಬೇರೆ, ಪೇಪರ್ ಬೇರೆ, ಆದರೆ ಮೇಷ್ಟ್ರು ಅವರೇ, ರೂಮೂ ಅವೇ. ಆಗ ಹುಡುಕಿ ಹಾಕಿಕೊಂಡಿದ್ದು ಎಫ್‌ಇಟಿ.

ಇದು ಪೂರ್ತಿ ಉಚಿತ, ಓಪನ್ ಸೋರ್ಸ್ ತಂತ್ರಾಂಶ. ರೊಮೇನಿಯಾದ ಲಿವಿಯು ಲಾಲೆಸ್ಕು ಬರೆದದ್ದು. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ, ನಮ್ಮ ಆಫೀಸಿನ ಹಳೇ ಕಂಪ್ಯೂಟರಿನಲ್ಲೂ ಕುಂಟದೆ ಓಡಿತು. ನೋಡೋಕೆ ಮಾತ್ರ ಬ್ಯಾಂಕ್ ಕೌಂಟರಿನ ಪರದೆ ಇದ್ದ ಹಾಗಿದೆ, ಬರೀ ಮೆನು, ಮೆನುವಿನೊಳಗೆ ಮೆನು. ಮೊದಲ ದಿನ ಅರ್ಧ ಗಂಟೆ ಸುಮ್ನೆ ಕೂತು ನೋಡಿದೆ.

ಕೆಲಸ ಮಾಡುವ ರೀತಿ ಸರಳ. ಯಾವ ಮೇಷ್ಟ್ರು, ಯಾವ ವಿಷಯ, ಯಾವ ಕ್ಲಾಸು, ಎಷ್ಟು ಗಂಟೆ ಅಂತ ಒಂದೊಂದಾಗಿ ತುಂಬಬೇಕು. ಇದಕ್ಕೆ ಅದರಲ್ಲಿ ಆಕ್ಟಿವಿಟಿ ಅಂತ ಹೆಸರು. ಆಮೇಲೆ ಷರತ್ತುಗಳು. ಕನ್ನಡ, ಹಿಂದಿ, ಸಂಸ್ಕೃತ ಮೂರೂ ಒಂದೇ ಪೀರಿಯಡ್‌ನಲ್ಲಿ ಶುರುವಾಗಬೇಕು, ಇಲ್ಲದಿದ್ದರೆ ಕ್ಲಾಸು ಹರಿದು ಹಂಚಿಹೋಗುತ್ತದೆ ಅಲ್ವಾ, ಅದಕ್ಕೆ ಒಂದು ಷರತ್ತಿದೆ. ಒಂದೇ ಪೇಪರ್ ಒಂದೇ ದಿನ ಎರಡು ಸಲ ಬರಬಾರದು ಅನ್ನುವುದಕ್ಕೂ ಇದೆ. ಮೇಷ್ಟ್ರಿಗೆ ವಾರದಲ್ಲಿ ಇಷ್ಟಕ್ಕಿಂತ ಜಾಸ್ತಿ ಖಾಲಿ ಪೀರಿಯಡ್ ನಡುವೆ ಸಿಕ್ಕಿಕೊಳ್ಳಬಾರದು ಅಂತಲೂ ಹೇಳಬಹುದು. ಲ್ಯಾಬ್‌ನ ನಾಲ್ಕು ಗಂಟೆಯನ್ನು ಒಟ್ಟಿಗೆ ಇಡುತ್ತದೆ. ಎಲ್ಲ ತುಂಬಿ ಬಟನ್ ಒತ್ತಿದೆ, ಚಹಾ ಕುಡಿದು ಬರುವಷ್ಟರಲ್ಲಿ ಇಡೀ ಕಾಲೇಜಿನ ಟೈಮ್‌ಟೇಬಲ್ ರೆಡಿ. ಮೇಷ್ಟ್ರಿಗೆ ಬೇರೆ, ಕ್ಲಾಸಿಗೆ ಬೇರೆ, ರೂಮಿಗೆ ಬೇರೆ ಪುಟ. ಡ್ರಾಯಿಂಗ್ ಶೀಟಿನಲ್ಲಿ ಇದಕ್ಕೆ ಹದಿನೈದು ದಿನ ಹಿಡಿಯುತ್ತಿತ್ತು.

ನನಗೆ ಜಾಸ್ತಿ ಇಷ್ಟವಾದದ್ದು ಅದು ಆಗಲ್ಲ ಅಂತ ಹೇಳುವ ರೀತಿ. ಒಬ್ಬರಿಗೆ ಶನಿವಾರ ಕೊನೆ ಪೀರಿಯಡ್ ಬೇಡ, ಒಬ್ಬರಿಗೆ ಮೊದಲ ಪೀರಿಯಡ್ ಬೇಡ, ಊರಿಂದ ಓಡಾಡುವವರಿಗೆ ಮೂರೂವರೆಯ ಬಸ್ಸು. ಎಲ್ಲ ಹಾಕಿದೆ. ಟೈಮ್‌ಟೇಬಲ್ ಆಗಲ್ಲ ಅಂದಿತು, ಯಾವ ಆಕ್ಟಿವಿಟಿ ಹತ್ತಿರ ಸಿಕ್ಕಿಹಾಕಿಕೊಂಡೆ ಅನ್ನುವುದನ್ನೂ ತೋರಿಸಿತು. ಹಿಂದೆ ಅದೇ ಮಾತನ್ನು ನಾನು ಹೇಳಿದಾಗ "ನಿಮಗೆ ಮಾಡೋಕೆ ಇಷ್ಟ ಇಲ್ಲ ಬಿಡಿ ಸರ್" ಅಂದಿದ್ದವರೇ ಪರದೆ ನೋಡಿ ಸುಮ್ಮನಾದರು.

ಈಗ ಅಸಲಿ ವಿಷಯ. ಯಾರಿಗೆ ವಾರಕ್ಕೆ ಎಷ್ಟು ಗಂಟೆ ಪಾಠ ಅನ್ನುವ ವರ್ಕ್‌ಲೋಡನ್ನು ಎಫ್‌ಇಟಿ ಹಂಚುವುದಿಲ್ಲ. ಮೇಷ್ಟ್ರ ಹೆಸರಿನ ಮುಂದೆ ಟಾರ್ಗೆಟ್ ಗಂಟೆ ಬರೆದರೆ, ಇಷ್ಟು ಬೇಕಿತ್ತು, ಇಷ್ಟು ಕೊಟ್ಟಿದ್ದೀರಿ ಅಂತ ಲೆಕ್ಕ ತೋರಿಸುತ್ತದೆ, ಅಷ್ಟೇ. ನಮ್ಮಲ್ಲಿ ಆ ಒಂದು ಲೆಕ್ಕವೇ ಎಂಥ ಕೆಲಸ ಮಾಡಿತು ಹೇಳುತ್ತೇನೆ.

ನಾನಿರುವುದು ಭೌತಶಾಸ್ತ್ರ ವಿಭಾಗ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್‌ಗೆ ವಾರಕ್ಕೆ 16 ಗಂಟೆ ಪಾಠ, ಅಸೋಸಿಯೇಟ್ ಮತ್ತು ಪ್ರೊಫೆಸರ್‌ಗೆ 14. ನಮ್ಮ ವಿಭಾಗದ ಮುಖ್ಯಸ್ಥರು, ಅಂದರೆ ಎಚ್‌ಒಡಿ, ಅಸೋಸಿಯೇಟ್, ನಾವಿಬ್ಬರು ಅಸಿಸ್ಟೆಂಟ್. ಒಟ್ಟು 46. ವಿಭಾಗದ ಇಡೀ ವರ್ಕ್‌ಲೋಡ್ 90. ಉಳಿದ 44 ಅತಿಥಿ ಉಪನ್ಯಾಸಕರಿಗೆ. 2022ರ ಜನವರಿಯಲ್ಲಿ ಸರ್ಕಾರ ಅವರ ತಿಂಗಳ ಗೌರವಧನವನ್ನು 11-13 ಸಾವಿರದಿಂದ 26-32 ಸಾವಿರಕ್ಕೆ ಏರಿಸಿತು, ಒಳ್ಳೆಯದೇ, ಆದರೆ ಆ ಹಣಕ್ಕೆ ವಾರಕ್ಕೆ 15 ಗಂಟೆ ಪಾಠ ಅಂತ ಮಾಡಿತು. ಮೊದಲು ಎಂಟು-ಹತ್ತು ಗಂಟೆ ತೆಗೆದುಕೊಳ್ಳುತ್ತಿದ್ದ ಇಬ್ಬರ ಪಾಠ ಒಬ್ಬರಿಗೆ ಹೋಯಿತು, ಇನ್ನೊಬ್ಬರು ಮನೆಗೆ ಹೋದರು. ಈಗ 44ನ್ನು 15ರಂತೆ ಹಂಚಿ ನೋಡಿ. ಹದಿನೈದು, ಹದಿನೈದು, ಹದಿನಾಲ್ಕು.

ಮೂರನೆಯವರು ನಮ್ಮಲ್ಲಿ ಒಂಬತ್ತು ವರ್ಷದಿಂದ ಪಾಠ ಮಾಡುತ್ತಿರುವ ಮೇಡಂ. ಪರದೆಯ ಮೇಲೆ ಅವರ ಹೆಸರಿನ ಮುಂದೆ ಟಾರ್ಗೆಟ್ 15, ಕೊಟ್ಟದ್ದು 14. "ಒಂದೇ ಗಂಟೆ ಅಲ್ವಾ ಸರ್" ಅಂದರು. ಎಚ್‌ಒಡಿ "ಆ ಒಂದು ಗಂಟೆ ನಾನು ಎಲ್ಲಿಂದ ತರಲಿ ಮೇಡಂ" ಅಂದರು. ಅವರದೂ ತಪ್ಪಲ್ಲ, ನಮ್ಮ ಮೂವರ ಗಂಟೆ ತುಂಬಿಸದೆ ವರ್ಕ್‌ಲೋಡ್ ಲಿಸ್ಟ್ ಕಳಿಸುವ ಹಾಗಿಲ್ಲ. ಎಕ್ಸೆಲ್ ಕಾಲದಲ್ಲಾಗಿದ್ದರೆ ಈ ಮಾತು ಎಚ್‌ಒಡಿ ರೂಮಿನ ಬಾಗಿಲ ಹಿಂದೆಯೇ ಮುಗಿಯುತ್ತಿತ್ತು. ಇಲ್ಲಿ ಐದು ಜನ ಒಂದೇ ಪರದೆ ನೋಡುತ್ತಾ ಕೂತಿದ್ದೆವು.

ಕೊನೆಗೆ ತಡವಾಗಿ ಬಂದ ಅಡ್ಮಿಷನ್‌ಗಳು ಕಾಪಾಡಿದವು. ಮೊದಲ ಸೆಮಿಸ್ಟರ್ ಲ್ಯಾಬ್‌ಗೆ ಇನ್ನೊಂದು ಬ್ಯಾಚ್ ಆಯಿತು, ನಾಲ್ಕು ಗಂಟೆ ಬಂತು. ಆ ಬ್ಯಾಚ್ ನಾನು ತೆಗೆದುಕೊಂಡು ನನ್ನ ಥಿಯರಿಯ ಒಂದು ಗಂಟೆ ಮೇಡಂಗೆ ಬಿಟ್ಟೆ. ಅವರಿಗೆ 15, ನನಗೆ 19. ಎಫ್‌ಇಟಿಯಲ್ಲಿ ಆಗಲೇ ನಡೆಯುತ್ತಿದ್ದ ಪೀರಿಯಡ್‌ಗಳನ್ನೆಲ್ಲ ಲಾಕ್ ಮಾಡಿ ಬದಲಾದವನ್ನು ಮಾತ್ರ ಮತ್ತೆ ಕೂರಿಸಿದೆ. ಬೇರೆ ವಿಭಾಗದವರಿಗೆ ಗೊತ್ತೇ ಆಗಲಿಲ್ಲ. ಈ ಲಾಕ್ ಒಂದಕ್ಕೇ ನಾನು ಒಂದು ಸ್ಟಾರ್ ಕೊಡುತ್ತೇನೆ.

ಆದರೆ ಇದಕ್ಕೆ ಗಂಟೆ ಮಾತ್ರ ಗೊತ್ತು. ಕ್ರೆಡಿಟ್ ಲೆಕ್ಕದಲ್ಲಿ ಥಿಯರಿಯ ಒಂದು ಗಂಟೆಗೆ ಒಂದು ಕ್ರೆಡಿಟ್, ಲ್ಯಾಬ್‌ನ ಎರಡು ಗಂಟೆಗೆ ಒಂದು. ನಾಲ್ಕು ಗಂಟೆ ನಿಂತವರ ಕೆಲಸ ನಾಲ್ಕೋ ಎರಡೋ ಅನ್ನುವ ಜಗಳ ಪ್ರತಿ ವರ್ಷ ಇದ್ದದ್ದೇ, ನೀವು ಯಾವುದನ್ನು ತುಂಬುತ್ತೀರೋ ಎಫ್‌ಇಟಿ ಅದನ್ನೇ ಒಪ್ಪಿಕೊಳ್ಳುತ್ತದೆ. ಹುಡುಗರ ಲ್ಯಾಬ್ ರೆಕಾರ್ಡ್ ತಿದ್ದುವುದು, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲು, ಎನ್‌ಎಸ್‌ಎಸ್ ಕ್ಯಾಂಪು, ಮೌಲ್ಯಮಾಪನ, ಇವು ಯಾವುದಕ್ಕೂ ಅಲ್ಲಿ ಕಾಲಂ ಇಲ್ಲ. ನಾನು "ಟೈಮ್‌ಟೇಬಲ್ ಕಮಿಟಿ" ಅಂತ ಒಂದು ಆಕ್ಟಿವಿಟಿ ಮಾಡಿ ನನ್ನ ಹೆಸರಿಗೆ ಎರಡು ಗಂಟೆ ಹಾಕಿಕೊಂಡೆ. ಟೈಮ್‌ಟೇಬಲ್‌ನಲ್ಲಿ ಚೆನ್ನಾಗಿಯೇ ಕೂತಿತು. ಪ್ರಿನ್ಸಿಪಾಲರು ನೋಡಿ ನಕ್ಕು ಅಳಿಸಲು ಹೇಳಿದರು.

ಐದಕ್ಕೆ ನಾಲ್ಕು ಸ್ಟಾರ್. ಕಲಿಯೋಕೆ ಒಂದು ವಾರ ಇಟ್ಟುಕೊಳ್ಳಿ, ಅಡ್ಮಿಷನ್ ಮುಗಿಯುವ ಮುಂಚೆ ಫೈನಲ್ ಟೈಮ್‌ಟೇಬಲ್ ಪ್ರಿಂಟ್ ಹಾಕಿ ಅಂಟಿಸಬೇಡಿ. ಟಾರ್ಗೆಟ್ ಗಂಟೆ ತುಂಬುವಾಗ ವಿಭಾಗದ ಎಲ್ಲರನ್ನೂ ಕೂರಿಸಿಕೊಳ್ಳಿ, ಅತಿಥಿ ಉಪನ್ಯಾಸಕರನ್ನೂ.